ಘಾಟಿ ಕತ್ತಲಿಗೆ ಎಕ್ಸ್‌ಟ್ರಾ ಲೈಟು: ಎಷ್ಟು ದೂರ ಅಂತಲ್ಲ, ಎಷ್ಟು ಅಗಲ ಅಂತ ಕೇಳಿ

ಬೈಂದೂರಿನಿಂದ ರಾಣೆಬೆನ್ನೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ಸಿ, ಕೊಲ್ಲೂರು ದಾಟಿದ ಮೇಲೆ ಹೆದ್ದಾರಿ ಅನ್ನಿಸುವುದೇ ಇಲ್ಲ. ಸುತ್ತ ಮೂಕಾಂಬಿಕಾ ವನ್ಯಜೀವಿ ಧಾಮದ ಕಾಡು, ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಕಣಿವೆ, ನಾಗೋಡಿ ತನಕ ತಿರುವಿನ ಮೇಲೆ ತಿರುವು. ಹಗಲಲ್ಲಿ ನೋಡಲು ಚೆಂದ. ರಾತ್ರಿ ಇದೇ ದಾರಿಯಲ್ಲಿ ಕರಾವಳಿಯ ಮೀನಿನ ಗಾಡಿ ಘಟ್ಟ ಹತ್ತುತ್ತದೆ, ಘಟ್ಟದ ಮೇಲಿನ ತರಕಾರಿ ಕೆಳಗಿಳಿಯುತ್ತದೆ, ಬೆಳಗಿನ ದರ್ಶನಕ್ಕೆ ಹೊರಟವರ ಟಿಟಿ ಬರುತ್ತದೆ, ಕೆಲಸ ಮುಗಿಸಿದವರ ಬೈಕು ಮನೆಗೆ ಹೋಗುತ್ತದೆ. ಕಾಡಿನ ಮಧ್ಯೆ ಇವರೆಲ್ಲರಿಗೂ ಇರುವ ಬೆಳಕು ಒಂದೇ: ಅವರವರ ಗಾಡಿಯ ಹೆಡ್‌ಲೈಟು.

ಅದು ಸಾಲದು ಅನ್ನಿಸಿದಾಗ ಜನ ಎಕ್ಸ್‌ಟ್ರಾ ಲೈಟು ಹಾಕಿಸುತ್ತಾರೆ. ಲಾರಿಗೆ, ಪಿಕಪ್ಪಿಗೆ, ಜೀಪಿಗೆ. ಬಂಪರ್ ಮೇಲೆ ಎರಡು, ಕ್ಯಾಬಿನ್ ಮೇಲೆ ಉದ್ದದ ಎಲ್‌ಇಡಿ ಬಾರ್. ಇದನ್ನು 'ಶೋಕಿ' ಅಂತ ತಳ್ಳಿಹಾಕುವುದು ಸುಲಭ. ಆದರೆ ವಾರಕ್ಕೆ ನಾಲ್ಕು ರಾತ್ರಿ ಮಳೆಯಲ್ಲಿ ಘಾಟಿ ಇಳಿಸುವ ಚಾಲಕನಿಗೆ ಅದು ಶೋಕಿ ಅಲ್ಲ, ಭಯ. ಆ ಭಯಕ್ಕೆ ಮಾರುಕಟ್ಟೆ ಕೊಡುವ ಉತ್ತರ 'ಇನ್ನೂ ಜಾಸ್ತಿ ಬೆಳಕು'. ಈ ಉತ್ತರ ಯಾಕೆ ತಪ್ಪು, ಸರಿಯಾದ ಲೈಟು ಯಾವುದು, ಲೈಟಿನಿಂದ ಆಗದ ಕೆಲಸ ಯಾರದ್ದು? ಒಂದೊಂದಾಗಿ ನೋಡೋಣ.

ಮೊದಲು ಒಂದು ಸಣ್ಣ ಲೆಕ್ಕ

ಗಂಟೆಗೆ 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿಯಿರಿ. ಅಷ್ಟರಲ್ಲಿ ಗಾಡಿ 17 ಮೀಟರ್ ಮುಂದೆ ಹೋಗಿರುತ್ತದೆ. ಒದ್ದೆ ರಸ್ತೆಯಲ್ಲಿ ಲೋಡ್ ಗಾಡಿ ನಿಲ್ಲಲು ಇನ್ನೊಂದು 20 ಮೀಟರ್ ಬೇಕು ಅಂದುಕೊಳ್ಳಿ. ಒಟ್ಟು 37 ಮೀಟರ್. ಇಳಿಜಾರಾದರೆ ಇನ್ನೂ ನಾಲ್ಕೈದು ಮೀಟರ್ ಸೇರಿಸಿ. ಇದೇ ಲೆಕ್ಕದಲ್ಲಿ 60 ಕಿ.ಮೀ. ವೇಗಕ್ಕೆ ಸುಮಾರು 70 ಮೀಟರ್, 80ಕ್ಕೆ ಸುಮಾರು 113 ಮೀಟರ್ ಆಗುತ್ತದೆ.

ಸರಿಯಾಗಿ ಹೊಂದಿಸಿದ ಹೆಡ್‌ಲೈಟಿನ ಲೋ ಬೀಮ್ ಸುಮಾರು 50ರಿಂದ 60 ಮೀಟರ್ ತನಕ ರಸ್ತೆ ತೋರಿಸುತ್ತದೆ. ಅಂದರೆ ಘಾಟಿಯ ವೇಗಕ್ಕೆ ದೂರದ ಮಟ್ಟಿಗೆ ಕಂಪನಿ ಕೊಟ್ಟ ಲೈಟೇ ಸಾಕು. ಹಾಗಾದರೆ ಕಾಣುವುದಿಲ್ಲ ಅನ್ನಿಸುವುದು ಯಾಕೆ?

ತಿರುವಿನಿಂದ. ಲೈಟು ನೇರ ನೋಡುತ್ತದೆ, ರಸ್ತೆ ಪಕ್ಕಕ್ಕೆ ಹೋಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ನಿಮ್ಮ ಹೈ ಬೀಮ್ ಕಣಿವೆಯಾಚೆಯ ಮರದ ತುದಿಯನ್ನು ಬೆಳಗುತ್ತಿರುತ್ತದೆ. ಗಾಡಿ ಹೋಗಬೇಕಾದ ಜಾಗ, ಅಂದರೆ ಒಳಮಗ್ಗುಲಿನ 20-30 ಮೀಟರ್, ಕತ್ತಲಲ್ಲಿರುತ್ತದೆ. ಅರ್ಧ ಕಿಲೋಮೀಟರ್ ಹೊಡೆಯುವ ಸ್ಪಾಟ್ ಲೈಟು ತಂದರೂ ಇದು ಬದಲಾಗುವುದಿಲ್ಲ, ಮರ ಇನ್ನೂ ಚೆನ್ನಾಗಿ ಕಾಣುತ್ತದೆ ಅಷ್ಟೆ. ಘಾಟಿಯಲ್ಲಿ ಕೊರತೆ ಇರುವುದು ದೂರದ್ದಲ್ಲ, ಅಗಲದ್ದು.

ಕಾಡುಪ್ರಾಣಿಯ ವಿಷಯದಲ್ಲೂ ಹೀಗೇ. ಕಾಟಿ, ಕಡವೆ, ಹಂದಿ ಯಾವುದೂ ರಸ್ತೆ ಮಧ್ಯೆ ನಿಂತು ನಿಮಗಾಗಿ ಕಾಯುವುದಿಲ್ಲ, ಪಕ್ಕದ ಪೊದೆಯಿಂದ ಇಳಿಯುತ್ತದೆ. ಕಡವೆಯ ಕಣ್ಣು ಬೆಳಕಿಗೆ ಹೊಳೆಯುತ್ತದೆ. ಹಂದಿಯ ಕಣ್ಣಿನ ಹಿಂದೆ ಬೆಳಕು ಹಿಂತಿರುಗಿಸುವ ಆ ಪದರವೇ ಇಲ್ಲ, ಹಾಗಾಗಿ ಅದು ಹೊಳೆದು ಎಚ್ಚರಿಸುವುದಿಲ್ಲ. ಕಪ್ಪು ರಸ್ತೆ, ಕಪ್ಪು ಮೈ. ರಸ್ತೆಯಂಚನ್ನು ಬೆಳಗುವ ಅಗಲದ ಬೆಳಕೊಂದೇ ಇಲ್ಲಿ ಉಪಯೋಗಕ್ಕೆ ಬರುವುದು.

ಮಳೆಯಲ್ಲಿ ಲೈಟು ಎಲ್ಲಿ ಹೋಗುತ್ತದೆ?

'ಮಳೆ ಬಂದರೆ ಲೈಟೇ ಹತ್ತಿದ ಹಾಗಿರುವುದಿಲ್ಲ ಮಾರಾಯ್ರೆ' ಅನ್ನುವ ಮಾತು ಕರಾವಳಿಯ ಚಾಲಕರ ಬಾಯಲ್ಲಿ ಸಾಮಾನ್ಯ. ಅದು ಭ್ರಮೆ ಅಲ್ಲ. ಒಣ ಡಾಂಬರು ಒರಟು. ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ, ಅದರಲ್ಲಿ ಒಂದಿಷ್ಟು ನಿಮ್ಮ ಕಣ್ಣಿಗೆ ವಾಪಸ್ ಬರುತ್ತದೆ, ರಸ್ತೆ ಕಾಣುತ್ತದೆ. ಅದರ ಮೇಲೆ ನೀರಿನ ಪದರ ಕೂತಾಗ ಅದು ಕನ್ನಡಿಯಾಗುತ್ತದೆ. ನಿಮ್ಮ ಬೆಳಕು ಮುಂದಕ್ಕೆ ಜಾರಿ ಎದುರು ಬರುವವನ ಕಣ್ಣಿಗೆ ಹೋಗುತ್ತದೆ, ಅವನದ್ದು ನಿಮ್ಮ ಕಣ್ಣಿಗೆ. ಅಂದರೆ ಮಳೆಯಲ್ಲಿ ಲೈಟು ಹೆಚ್ಚಿಸಿದಷ್ಟೂ ಲಾಭದ ಪಾಲು ನಿಮಗೆ ಕಮ್ಮಿ, ನಷ್ಟದ ಪಾಲು ಎದುರಿನವನಿಗೆ ಜಾಸ್ತಿ. ಅವನೂ ಹಾಗೇ ಯೋಚಿಸಿ ಇನ್ನೊಂದು ಬಾರ್ ಹಾಕಿಸುತ್ತಾನೆ. ಪೈಪೋಟಿ ಶುರುವಾಗುವುದು ಹೀಗೆ.

ಘಟ್ಟದ ಮಂಜಿನ ಕಥೆ ಇನ್ನೊಂದು. ಮಂಜಿನ ಹನಿಗೆ ಬಡಿದ ಬೆಳಕು ವಾಪಸ್ ಬಂದು ಎದುರು ಬಿಳಿ ಪರದೆ ಕಟ್ಟಿದಂತಾಗುತ್ತದೆ. ಲೈಟು ಕಣ್ಣಿನ ಮಟ್ಟಕ್ಕೆ ಹತ್ತಿರವಿದ್ದಷ್ಟೂ ಪರದೆ ದಪ್ಪ. ಕ್ಯಾಬಿನ್ ಮೇಲಿನ ಬಾರ್ ಮಂಜಿನಲ್ಲಿ ಕೆಲಸ ಕೆಡಿಸುವುದು ಇದಕ್ಕೇ. ಫಾಗ್ ಲೈಟನ್ನು ಬಂಪರಿನ ಕೆಳಗೆ ಕೂರಿಸುವುದೂ ಇದಕ್ಕೇ.

ಹಳದಿ ಬಣ್ಣ ಮಂಜನ್ನು 'ಸೀಳುತ್ತದೆ' ಅನ್ನುವುದನ್ನು ಅಂಗಡಿಯಲ್ಲಿ ಕೇಳಿರುತ್ತೀರಿ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡವು, ಹಾಗಾಗಿ ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ರೀತಿ ಚದುರಿಸುತ್ತವೆ. ಹಳದಿಗೆ ಸೀಳುವ ವಿಶೇಷ ಶಕ್ತಿ ಏನಿಲ್ಲ. ಆದರೂ ಅದಕ್ಕೊಂದು ಗುಣ ಇದೆ: ನೀಲಿ ಅಂಶ ಕಮ್ಮಿ ಇರುವುದರಿಂದ ಕಣ್ಣಿಗೆ ಕಿರಿಕಿರಿ ಕಮ್ಮಿ, ನಿಮಗೂ ಎದುರಿನವರಿಗೂ. ಫ್ರಾನ್ಸ್ 1930ರ ದಶಕದಿಂದ 1993ರವರೆಗೆ ತನ್ನ ವಾಹನಗಳಿಗೆ ಹಳದಿ ಹೆಡ್‌ಲೈಟನ್ನೇ ಕಡ್ಡಾಯ ಮಾಡಿತ್ತು. ಈಗ ಅಂಗಡಿಯಲ್ಲಿ ಸಿಗುವ ಎಲ್‌ಇಡಿಗಳಲ್ಲಿ 3000 ಕೆಲ್ವಿನ್ ಅಂದರೆ ಹಳದಿ ಛಾಯೆ, 6000 ಮೇಲೆ ಹೋದರೆ ನೀಲಿ ಬೆರೆತ ಬಿಳಿ. ಘಾಟಿಗೆ ಹಳದಿ ಒಳ್ಳೆಯ ಆಯ್ಕೆ. ಪವಾಡ ಮಾತ್ರ ನಿರೀಕ್ಷಿಸಬೇಡಿ.

ಅಂಗಡಿಯಲ್ಲಿ ಏನು ಕೇಳಬೇಕು?

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಲ್ಯೂಮೆನ್. ಅದು ಲೈಟಿನಿಂದ ಹೊರಡುವ ಒಟ್ಟು ಬೆಳಕು. ಅದು ಯಾವ ಕಡೆ ಹೋಗುತ್ತದೆ ಅಂತ ಆ ಸಂಖ್ಯೆ ಹೇಳುವುದಿಲ್ಲ. ಇದರ ಜೊತೆ 'ಇಷ್ಟು ಮೀಟರ್ ದೂರ' ಅನ್ನುವ ಲೆಕ್ಕವನ್ನೂ ಅನುಮಾನದಿಂದಲೇ ನೋಡಿ. ಕೆಲವು ತಯಾರಕರು 0.25 ಲಕ್ಸ್ ಸಿಗುವ ದೂರವನ್ನು ಬರೆಯುತ್ತಾರೆ. ಅದು ಹೆಚ್ಚುಕಡಿಮೆ ಹುಣ್ಣಿಮೆಯ ಬೆಳಕು. ಇನ್ನೊಂದು ವಿಷಯ: ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ದೂರ ಬೇಕಾದರೆ ಹದಿನಾರು ಪಟ್ಟು ಬೆಳಕು ಬೇಕು. ಆ ದುಡ್ಡು ಘಾಟಿಯಲ್ಲಿ ಕಣಿವೆಗೆ ಸುರಿದಂತೆ.

ಕೇಳಬೇಕಾದದ್ದು ಬೆಳಕಿನ ಆಕಾರ. ಮುಖ್ಯವಾಗಿ ನಾಲ್ಕು ಬಗೆ:

ಸ್ಪಾಟ್: ಸಣ್ಣ ಕೋನ, ಬಹುದೂರ. ನೇರ ಬಯಲು ದಾರಿಗೆ ಮಾಡಿದ್ದು. ಘಾಟಿಗೆ ಬೇಡ.

ಡ್ರೈವಿಂಗ್ ಲೈಟು: ಹೈ ಬೀಮಿನ ಜೊತೆಗಾರ. ಎದುರು ಯಾರೂ ಇಲ್ಲದಾಗ ಮಾತ್ರ. ಹೈ ಬೀಮ್ ಡಿಪ್ ಮಾಡಿದ ಕೂಡಲೇ ಇದೂ ಆರುವಂತೆ ವೈರಿಂಗ್ ಇರಲೇಬೇಕು.

ಫಾಗ್ ಲೈಟು: ತುಂಬಾ ಅಗಲ, ದೂರ ಕಮ್ಮಿ, ಮೇಲ್ಭಾಗ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನೇರ ಗೆರೆ. ಆ ಗೆರೆಯ ಮೇಲೆ ಬೆಳಕು ಹೋಗಬಾರದು. ಕೊಲ್ಲೂರು, ಹುಲಿಕಲ್‌ನಂಥ ಘಾಟಿಗಳಿಗೆ ಇದು.

ಫ್ಲಡ್ ಅಥವಾ ವರ್ಕ್ ಲೈಟು: ಗೆರೆಯೇ ಇಲ್ಲದೆ ಎಲ್ಲ ಕಡೆ ಚೆಲ್ಲುವ ಬೆಳಕು. ಲೋಡ್ ಇಳಿಸುವಾಗ, ಟೈರ್ ಬದಲಿಸುವಾಗ, ತೋಟದೊಳಗೆ. ಡಾಂಬರು ರಸ್ತೆಯಲ್ಲಿ ಓಡುವಾಗ ಆಫ್ ಆಗಿರಬೇಕು.

ಹಾಗಾದರೆ 'ಆಫ್-ರೋಡ್' ಲೈಟಿಗೆ ಜಾಗವೇ ಇಲ್ಲವೇ? ಇದೆ. ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಹತ್ತುವ ಜೀಪಿನ ದಾರಿ ನೋಡಿದವರಿಗೆ ಗೊತ್ತು. ಕಲ್ಲು, ಕೊರಕಲು, ಕೆಸರು. ಮುದೂರು, ಜಡ್ಕಲ್ ಕಡೆಯ ರಬ್ಬರು, ಅಡಿಕೆ ತೋಟಗಳ ಮಣ್ಣಿನ ದಾರಿಯೂ ಮಳೆಗಾಲದಲ್ಲಿ ಹೀಗೇ. ಅಲ್ಲಿ ವೇಗ ಹತ್ತು-ಹದಿನೈದು ಕಿಲೋಮೀಟರ್, ಎದುರು ಗಾಡಿ ಅಪರೂಪ, ಬೇಕಾದದ್ದು ಚಕ್ರದ ಮುಂದಿನ ಗುಂಡಿಯ ಆಳ ಕಾಣುವ ಹತ್ತಿರದ ಬೆಳಕು. ಫ್ಲಡ್ ಲೈಟಿನ ಜಾಗ ಅದು. ತೊಂದರೆ ಆಗುವುದು ಅದೇ ಲೈಟನ್ನು ಹಾಗೇ ಹಚ್ಚಿಕೊಂಡು ಹೆದ್ದಾರಿಗೆ ಇಳಿದಾಗ.

ಕೊಳ್ಳುವಾಗ ಗಾಜಿನ ಮೇಲಿನ ಗುರುತು ನೋಡಿ. 'ಎಸ್‌ಎಇ ಜೆ583' ಅಂದರೆ ಫಾಗ್ ಲೈಟಿನ ಅಮೆರಿಕದ ಮಾನದಂಡ, 'ಜೆ581' ಅಂದರೆ ಡ್ರೈವಿಂಗ್ ಲೈಟು. ಯುರೋಪಿನದ್ದಾದರೆ ವೃತ್ತದೊಳಗೆ 'ಇ' ಅಕ್ಷರ, ಅದರ ಜೊತೆ ಒಂದು ಅಂಕಿ ಇರುತ್ತದೆ. ಫಾಗ್ ಲೈಟಿಗೆ 'ಬಿ' ಅಥವಾ 'ಎಫ್3'. ಯಾವ ಗುರುತೂ ಇಲ್ಲದ, ಬರೀ ಲ್ಯೂಮೆನ್ ಬರೆದ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ. ಗುರುತನ್ನೂ ನಕಲು ಮಾಡುವವರಿದ್ದಾರೆ. ಹಾಗಾಗಿ ಸಾಧ್ಯವಾದರೆ ಅಂಗಡಿಯ ಗೋಡೆಗೆ ಹಚ್ಚಿ ತೋರಿಸಲು ಹೇಳಿ, ಮೇಲಂಚಿನ ಗೆರೆ ಸ್ಪಷ್ಟವಾಗಿದೆಯೇ ನೋಡಿ.

ಹೆಡ್‌ಲೈಟಿನೊಳಗೆ ಬಲ್ಬ್ ಮಾತ್ರ ತೆಗೆದು ಎಲ್‌ಇಡಿ ತುರುಕುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಕೆಟ್ಟ ದಾರಿ. ಹೆಡ್‌ಲೈಟಿನ ರಿಫ್ಲೆಕ್ಟರ್ ಮಾಡಿರುವುದು ಹ್ಯಾಲೊಜನ್ ತಂತಿ ಇರುವ ಆ ನಿರ್ದಿಷ್ಟ ಜಾಗಕ್ಕೆ ಹೊಂದುವಂತೆ. ಎಲ್‌ಇಡಿ ಚಿಪ್ಪಿನ ಗಾತ್ರ, ಜಾಗ ಬೇರೆಯಾದರೆ ಗೆರೆ ಕಲಸಿಹೋಗಿ ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಒಳಗೆ ಕೂತವನಿಗೆ 'ಎಂಥ ಬೆಳಕು!', ಎದುರಿನವನಿಗೆ ಕುರುಡು.

ಕೂರಿಸುವುದು, ತಿರುಗಿಸುವುದು, ತಂತಿ ಎಳೆಯುವುದು

ಒಳ್ಳೆಯ ಲೈಟನ್ನು ಕೆಟ್ಟದಾಗಿ ಕೂರಿಸಿದರೆ ಅದೂ ಕೆಟ್ಟ ಲೈಟೇ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಲಿಸಿ. ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರವಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಗುರುತು ಹಾಕಿ. ಫಾಗ್ ಲೈಟಿನ ಮೇಲಂಚು ಆ ಗುರುತಿಗಿಂತ 15-20 ಸೆಂ.ಮೀ. ಕೆಳಗೆ ಬೀಳಬೇಕು. 70 ಸೆಂ.ಮೀ. ಎತ್ತರದಲ್ಲಿರುವ ಲೈಟು 10 ಮೀಟರಿಗೆ 20 ಸೆಂ.ಮೀ. ಇಳಿದರೆ ಅದರ ಮೇಲಂಚು ನೆಲ ಮುಟ್ಟುವುದು 35ನೇ ಮೀಟರಿನಲ್ಲಿ. ಘಾಟಿಯ ವೇಗಕ್ಕೆ ಬೇಕಾದ ದೂರ ಹೆಚ್ಚುಕಮ್ಮಿ ಅಷ್ಟೇ ಅಲ್ಲವೇ?

ಇದನ್ನು ಲೋಡ್ ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ಹಿಂದೆ ಭಾರ ಕೂತರೆ ಮೂತಿ ಮೇಲೇಳುತ್ತದೆ. ಖಾಲಿ ಗಾಡಿಯಲ್ಲಿ ಸರಿಯಿದ್ದ ಲೈಟು ಲೋಡಿನಲ್ಲಿ ಆಕಾಶ ನೋಡುತ್ತದೆ. ಹೆಡ್‌ಲೈಟ್ ಎತ್ತರ ಬದಲಿಸುವ ಸಣ್ಣ ಗುಂಡಿ ನಿಮ್ಮ ಗಾಡಿಯಲ್ಲಿದ್ದರೆ ಅದನ್ನು ತಿರುಗಿಸಿ. ಅದು ಇರುವುದೇ ಇದಕ್ಕೆ.

ತಂತಿಯ ವಿಷಯ. ಪಿಕಪ್, ಜೀಪುಗಳಲ್ಲಿ 12 ವೋಲ್ಟ್, ದೊಡ್ಡ ಲಾರಿಗಳಲ್ಲಿ 24. 100 ವಾಟಿನ ಲೈಟು 12 ವೋಲ್ಟಿನಲ್ಲಿ 8 ಆಂಪಿಯರ್ ದಾಟುತ್ತದೆ, 24ರಲ್ಲಿ 4 ಚಿಲ್ಲರೆ. ಇಷ್ಟು ಕರೆಂಟನ್ನು ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕ ನೇರ ಎಳೆದರೆ ಸ್ವಿಚ್ ಕರಗುತ್ತದೆ, ತಂತಿ ಬಿಸಿಯಾಗಿ ಬೆಂಕಿಯ ಅಪಾಯವೂ ಇದೆ. ರಿಲೇ, ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್, ದಪ್ಪ ತಂತಿ, ಗಟ್ಟಿ ಅರ್ಥಿಂಗ್. ಈ ನಾಲ್ಕರಲ್ಲಿ ರಾಜಿ ಬೇಡ. ಹಳೆ ಗಾಡಿಯ ಹ್ಯಾಲೊಜನ್ ಮಂಕಾಗಿದ್ದರೆ ಹೊಸ ಲೈಟಿನ ಮೊದಲು ತಂತಿ ಪರೀಕ್ಷೆ ಮಾಡಿಸಿ: ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ. ತುಕ್ಕು ಹಿಡಿದ ಅರ್ಥಿಂಗ್ ಉಜ್ಜಿ, ಹಳದಿಗಟ್ಟಿದ ಗಾಜು ಪಾಲಿಶ್ ಮಾಡಿಸಿದರೆ ಎಷ್ಟೋ ಸಲ ಎಕ್ಸ್‌ಟ್ರಾ ಲೈಟೇ ಬೇಕಾಗುವುದಿಲ್ಲ. ನಮ್ಮ ಉಪ್ಪು ಗಾಳಿಗೆ, ನಾಲ್ಕು ತಿಂಗಳ ಮಳೆಗೆ ಐಪಿ67ಕ್ಕಿಂತ ಕಮ್ಮಿಯದ್ದು ತಾಳುವುದು ಕಷ್ಟ. ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ.

ಎದುರಿನವನು ಯಾರು?

ಈಗ ಸ್ಟೇರಿಂಗ್ ಬಿಟ್ಟು ರಸ್ತೆಯ ಆಚೆ ಬದಿಗೆ ಬನ್ನಿ. ತೀಕ್ಷ್ಣ ಬೆಳಕು ಕಣ್ಣಿಗೆ ಹೊಡೆದ ಮೇಲೆ ದೃಷ್ಟಿ ಮರಳಲು ಕೆಲವು ಸೆಕೆಂಡ್ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಮೂರು ಸೆಕೆಂಡ್ ಅಂತಲೇ ಹಿಡಿಯಿರಿ. 40 ಕಿ.ಮೀ. ವೇಗದಲ್ಲಿ ಅದು 33 ಮೀಟರ್ ಕುರುಡು ಓಟ. ಘಾಟಿಯಲ್ಲಿ 33 ಮೀಟರ್ ಅಂದರೆ ಒಂದು ಪೂರ್ತಿ ತಿರುವು.

ಇಳಿಜಾರು ಇದನ್ನು ಇನ್ನೂ ಹದಗೆಡಿಸುತ್ತದೆ. ಕೆಳಗಿನಿಂದ ಹತ್ತಿ ಬರುವವನು ಮೇಲಿನ ಗಾಡಿಯ ಲೈಟನ್ನು ತಲೆಯೆತ್ತಿ ನೋಡಬೇಕಾಗುತ್ತದೆ. ಎತ್ತರದ ಲಾರಿ, ಅದರ ಮೇಲೊಂದು ಬಾರ್; ಎದುರು ಬೈಕು, ಹೆಲ್ಮೆಟ್ ಗಾಜಿನ ಮೇಲೆ ಮಳೆ ಹನಿ, ಪ್ರತಿ ಹನಿಯಲ್ಲೂ ಒಂದೊಂದು ಲೈಟು. 'ಹ್ವಾಯ್, ಲೈಟ್ ಡಿಪ್ ಮಾಡಿ' ಅಂತ ಕೂಗಿದರೆ ಯಾರಿಗೆ ಕೇಳಿಸುತ್ತದೆ? ಲೈಟಿನ ಪೈಪೋಟಿಯಲ್ಲಿ ಸೋಲುವುದು ಯಾವಾಗಲೂ ಸಣ್ಣ ಗಾಡಿಯವನು, ಆಮೇಲೆ ನಡೆದು ಹೋಗುವವನು. ನನ್ನ ಸುರಕ್ಷತೆಯನ್ನು ನಾನು ಅಂಗಡಿಯಿಂದ ಕೊಂಡುಕೊಂಡು, ಅದರ ಬೆಲೆಯನ್ನು ನನಗಿಂತ ಸಣ್ಣ ಗಾಡಿಯವನಿಂದ ಕಟ್ಟಿಸುವ ವ್ಯವಸ್ಥೆ ಇದು. ರಸ್ತೆಯ ಆಚೆ ಎಷ್ಟೋ ಕಡೆ ಇದನ್ನು ನೋಡಿದ್ದೇವೆ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 106 ಇದನ್ನು ಅಳತೆಯಲ್ಲೇ ಹೇಳುತ್ತದೆ: ಲೈಟಿನ ಮುಂದೆ 8 ಮೀಟರ್, ಬಲಕ್ಕೆ ಅರ್ಧ ಮೀಟರ್, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಕೋರೈಸಬಾರದು. ನಿಯಮ 111ರ ಪ್ರಕಾರ ಗಾಡಿಯ ಮುಂದೆ ಸ್ಪಾಟ್ ಲೈಟು, ಸರ್ಚ್ ಲೈಟು ಹಾಕುವಂತಿಲ್ಲ. ವಿಶೇಷ ಸಂದರ್ಭದಲ್ಲಿ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಮುಂಚೆಯೇ ಪಡೆದಿರಬೇಕು. ಸಾರಿಗೆ ವಾಹನವಾದರೆ ಫಿಟ್‌ನೆಸ್ ಹೊತ್ತಿಗೆ ತಕರಾರು ಬರಬಹುದು, ಹಾಕಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸುವುದು ವಾಸಿ.

2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ರಾಜ್ಯಾದ್ಯಂತ ಕೇಸು ಹಾಕಲು ಶುರು ಮಾಡಿದರು. ಬಳಸಿದ್ದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 177: ಮೊದಲ ಸಲ 500 ರೂಪಾಯಿ ತನಕ, ಮತ್ತೆ ಸಿಕ್ಕಿದರೆ 1,500 ತನಕ ದಂಡ. ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಸೆಕ್ಷನ್ 182ಎ ಅಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕ್ರಮ ಬೇಕಾದದ್ದೇ. ಆದರೆ ದಂಡದ ರಸೀದಿ ಹರಿಯುವುದು ಚೆಕ್‌ಪೋಸ್ಟಿನಲ್ಲಿ ಸಿಕ್ಕ ಚಾಲಕನಿಗೆ. ಗುರುತಿಲ್ಲದ ಲೈಟನ್ನು ರಾಶಿ ಹಾಕಿ ಮಾರುವ, ಆನ್‌ಲೈನಿನಲ್ಲಿ ಮನೆಗೆ ತಲುಪಿಸುವ ಜಾಲ ಹಾಗೇ ನಡೆಯುತ್ತದೆ. ಅದೇ ಸೆಕ್ಷನ್ 182ಎಯಲ್ಲಿ, ಸುರಕ್ಷತೆಗೆ ನಿರ್ಣಾಯಕ ಅಂತ ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ಮಾನದಂಡ ಮೀರಿ ಮಾರಿದವರಿಗೆ ಪ್ರತಿ ಬಿಡಿಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ, ಒಂದು ವರ್ಷದವರೆಗೆ ಜೈಲಿನ ಅವಕಾಶ ಇದೆ. ಮಾರುವವನನ್ನು ಮುಟ್ಟುವ ದಾರಿ ಕಾಯ್ದೆಯ ಪುಸ್ತಕದಲ್ಲೇ ಇದೆ. ಆ ದಾರಿಯಲ್ಲಿ ನಡೆಯುವವರು ಬೇಕು.

ಉಳಿದ ಬೆಳಕು ರಸ್ತೆಯಲ್ಲಿರಬೇಕು

ಚಾಲಕ ಎಲ್ಲ ಸರಿ ಮಾಡಿದ ಅಂದುಕೊಳ್ಳೋಣ. ಎರಡೇ ಫಾಗ್ ಲೈಟು, ಹಳದಿ, ಬಂಪರಿನ ಕೆಳಗೆ, ಗೋಡೆಗೆ ಅಳೆದು ಕೂರಿಸಿದ್ದು. ಆದರೂ ತಿರುವಿನಾಚೆ ರಸ್ತೆ ಹೇಗಿದೆ ಅಂತ ಅದು ತೋರಿಸುವುದಿಲ್ಲ. ಆ ಕೆಲಸ ರಸ್ತೆಯದ್ದು.

ಪ್ರತಿಫಲಕ ಹಾಳೆ ಅಂಟಿಸಿದ ಬಾಣದ ಫಲಕ, ತಡೆಗೋಡೆಯ ಮೇಲಿನ ರಿಫ್ಲೆಕ್ಟರ್, ರಸ್ತೆ ಮಧ್ಯದ ಕ್ಯಾಟ್ ಐ, ಅಂಚಿನ ಬಿಳಿ ಗೆರೆ. ಇವು ಕರೆಂಟು ಕೇಳುವುದಿಲ್ಲ. ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ನಿಮ್ಮ ಕಣ್ಣಿಗೆ ಹಿಂತಿರುಗಿಸುತ್ತವೆ. ನಿಮ್ಮ ಸಾಮಾನ್ಯ ಲೋ ಬೀಮಿಗೇ ಅವು ದೂರದಿಂದ ಹೊಳೆದು 'ರಸ್ತೆ ಎಡಕ್ಕೆ ಹೋಗುತ್ತದೆ' ಅಂತ ಮೊದಲೇ ಹೇಳುತ್ತವೆ. ಎದುರಿನವನ ಕಣ್ಣಿಗೆ ಏನೂ ಮಾಡುವುದಿಲ್ಲ. ಕಾಡಿನ ನಡುವೆ ಬೀದಿದೀಪ ಹಾಕಿ ಪ್ರಾಣಿಗಳ ರಾತ್ರಿ ಕೆಡಿಸುವ ಅಗತ್ಯವೂ ಇಲ್ಲ. ಫಲಕಕ್ಕೆ ಐಆರ್‌ಸಿ 67, ರಸ್ತೆ ಗೆರೆಗೆ ಐಆರ್‌ಸಿ 35 ಅಂತ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡಗಳೂ ಇವೆ. ಆದರೆ ಮಳೆಗಾಲಕ್ಕೆ ಗೆರೆ ಅಳಿಯುತ್ತದೆ, ಫಲಕಕ್ಕೆ ಪಾಚಿ ಹಿಡಿಯುತ್ತದೆ, ಗಿಡ ಬೆಳೆದು ಮುಚ್ಚುತ್ತದೆ. ಹಾಕಿದರೆ ಮುಗಿಯಲಿಲ್ಲ, ಪ್ರತಿ ವರ್ಷ ಒರೆಸಬೇಕು, ಸವರಬೇಕು, ಬಳಿಯಬೇಕು. ಉದ್ಘಾಟನೆ, ರಿಬ್ಬನ್ನು ಇಲ್ಲದ ಕೆಲಸ ಅದು. ಅದಕ್ಕೇ ಯಾರಿಗೂ ನೆನಪಾಗುವುದಿಲ್ಲ.

2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 198ಎ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ವ್ಯತ್ಯಾಸ ಗಮನಿಸಿ: ಚಾಲಕ ಲೈಟು ಹಾಕಿಸಿದ ಮಾತ್ರಕ್ಕೇ ತಪ್ಪಿತಸ್ಥ, ರಸ್ತೆಯವರು ತಪ್ಪಿತಸ್ಥರಾಗಲು ಯಾರಾದರೂ ಸಾಯಬೇಕು ಅಥವಾ ಕೈಕಾಲು ಕಳೆದುಕೊಳ್ಳಬೇಕು.

ಹಾಗಾಗಿ ಕೆಲಸ ಎರಡು. ಗಾಡಿ ಇರುವವರು ಈ ವಾರ ಗೋಡೆಯ ಮುಂದೆ ನಿಂತು ಲೈಟು ಹೊಂದಿಸಿಕೊಳ್ಳಿ, ಮೇಲಿನ ಬಾರ್ ಕಳಚಿಡಿ. ಗಾಡಿ ಇಲ್ಲದವರೂ ಮಾಡಬಹುದಾದದ್ದು ಇದೆ. ನಿಮ್ಮೂರಿನ ಘಾಟಿಯಲ್ಲಿ ಎಷ್ಟು ತಿರುವು, ಅದರಲ್ಲಿ ಎಷ್ಟಕ್ಕೆ ಹೊಳೆಯುವ ಫಲಕ ಇದೆ, ಕೊನೆಯ ಸಲ ಗೆರೆ ಬಳಿದದ್ದು ಯಾವಾಗ, ಬಿಲ್ ಎಷ್ಟಾಯಿತು ಅಂತ ಹೆದ್ದಾರಿ ವಿಭಾಗಕ್ಕೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಸಾಮಾನ್ಯರಿಗಾದರೆ ಶುಲ್ಕ ಹತ್ತು ರೂಪಾಯಿ. ಘಾಟಿಗೆ ಹಾಕಿಸಬಹುದಾದ ಎಕ್ಸ್‌ಟ್ರಾ ಲೈಟುಗಳಲ್ಲಿ ಇದಕ್ಕಿಂತ ಅಗ್ಗದ್ದು ಯಾವುದೂ ಇಲ್ಲ.